ಮುಡಿಪು ಬಿಚ್ಚಿದ ಸೈಕಲ್

ವಿಜಯಪುರ
ಮಂಗಳವಾರ, 11 ನವೆಂಬರ್ 2025

ನಮ್ಮ ಮನೆಯವರಿಗೆ, ಇನ್ನೂ ನಿಮ್ಮ ಮನೆಯವಳೇ ಆಗಿರುವ ವಿದ್ಯಾವತಿಯ ನಮಸ್ಕಾರಗಳು.

ಫೋನು ಮಾಡಿದರೆ ಎತ್ತುವುದಿಲ್ಲ, ಮೆಸೇಜು ಹಾಕಿದರೆ ನೋಡಿ ಸುಮ್ಮನಿರುತ್ತೀರಿ. ಅದಕ್ಕೇ ಕಾಗದ ಬರೆಯಲು ಕುಳಿತೆ. ಹರಿದು ಒಗೆದರೂ ಓದಿಯೇ ಒಗೆಯುತ್ತೀರಿ ಎಂಬ ಧೈರ್ಯ. ಹದಿನೆಂಟು ವರ್ಷ ನಿಮ್ಮ ಜೊತೆ ಬಾಳುವೆ ಮಾಡಿದ್ದೇನೆ. ಭಜಿ ಕಟ್ಟಿಕೊಟ್ಟ ಪೇಪರಿನ ತುಂಡನ್ನೂ ಓದದೆ ಬಿಡುವವರಲ್ಲ ನೀವು.

ಭಾನುವಾರ ತಿಕೋಟಾದ ಆಚೆಯ ಕಲ್ಲುಗುಡ್ಡದಲ್ಲಿ ಸೈಕಲ್ ರೇಸು ಮುಗಿಯಿತು. ನನಗೇನೂ ಆಗಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನೀವು ಹೆದರಿದ್ದು ಅದಕ್ಕೇ. ಆಪರೇಷನ್ ಆದ ಕಡೆಯ ಎಡಗೈ ಸ್ವಲ್ಪ ಬಾತಿದೆ, ಮೊಣಕಾಲು ತರಚಿದೆ, ಅಷ್ಟೇ.

ಇನ್ನು ನೀವು ಬಲ್ಲ ಸಂಗತಿಯನ್ನೇ ಮತ್ತೆ ಬರೆಯುತ್ತೇನೆ, ಸಿಟ್ಟಾಗಬೇಡಿರಿ. ಅದು ನನಗೆ ಹೇಗೆ ಕಂಡಿತು ಎಂಬುದು ನಿಮಗೆ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಎದೆಯಲ್ಲಿ ಗಂಟು ಸಿಕ್ಕಿ, ಆಪರೇಷನ್ ಆಗಿ, ಕ್ಯಾನ್ಸರಿನ ಮೂರನೆಯ ಸಲೈನಿಗೆ ನಾನು ಕಣ್ಣು ತೆರೆಯಲಾರದೆ ಬಿದ್ದಾಗ ತಾಯಿ ಮಗ ಇಬ್ಬರೂ ಬಬಲೇಶ್ವರದ ಬಸವಣ್ಣನ ಗುಡಿಗೆ ಓಡಿದಿರಿ. ಅತ್ತೆ ಬೆಲ್ಲ ಬಿಟ್ಟರು. ಇವತ್ತಿಗೂ ಸಪ್ಪನೆಯ ಚಹಾ ಕುಡಿಯುತ್ತಾರೆ. ನೀವು? ಎಲೆ-ಅಡಿಕೆ ಬಿಡಬಹುದಿತ್ತು, ಇಸ್ಪೀಟು ಬಿಡಬಹುದಿತ್ತು. ‘ಆಕಿ ಒಬ್ಬಾಕಿ ಉಳದರ ಸಾಕಪಾ ಬಸವಣ್ಣ, ಇನ್ನ ಮ್ಯಾಲೆ ಆಕಿ ಸೈಕಲ್ ಮುಟ್ಟೂದಿಲ್ಲ’ ಎಂದು ಹರಕೆ ಹೊತ್ತು ಬಂದಿರಿ! ಬೇಡಿಕೊಂಡವರು ನೀವು, ಬಿಟ್ಟವಳು ನಾನು. ನಾಣ್ಯವನ್ನು ಅರಿಷಿಣದ ಬಟ್ಟೆಯಲ್ಲಿ ಗಂಟು ಹಾಕಿ, ಆ ಮುಡಿಪನ್ನು ಹ್ಯಾಂಡಲಿಗೆ ಕಟ್ಟಿ, ತಿಕೋಟಾದ ನಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ಸೈಕಲನ್ನು ಕೊಂಡಿಗೆ ತೂಗುಹಾಕಿದಿರಿ.

ಹನ್ನೆರಡನೆಯ ವಯಸ್ಸಿಗೆ ಸೈಕಲ್ ಹಾಸ್ಟೆಲ್ ಸೇರಿದವಳು ನಾನು. ನೀವು ನನ್ನನ್ನು ಮೊದಲು ನೋಡಿದ್ದೂ ಕಾಖಂಡಕಿಯ ರಸ್ತೆಯಲ್ಲಿ, ನಿಮ್ಮ ಟೆಂಪೋವನ್ನು ಹಿಂದೆ ಹಾಕಿ ಹೋದಾಗ. ಆದರೂ ಸುಮ್ಮನಿದ್ದೆ. ಕೂದಲು ಮತ್ತೆ ಚಿಗುರಿದ ಮೇಲೆ ಒಂದೇ ಒಂದು ಸಲ ಕೇಳಿದೆ, ನೀವು ಅತ್ತುಬಿಟ್ಟಿರಿ. ಸಾಯುತ್ತಿದ್ದ ಹೆಂಡತಿಯ ವಾಂತಿ ಬಳಿದ ಗಂಡಸಿನ ಮುಂದೆ ಹಟ ಮಾಡಲು ನಾಲಿಗೆ ಏಳಲಿಲ್ಲ. ಒಂದೂವರೆ ವರ್ಷ ಆ ಶೆಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಸೆಪ್ಟೆಂಬರಿನಲ್ಲಿ ಹೋಗಿ ಗಂಟು ಬಿಚ್ಚಿದೆ. ಹಾಸ್ಟೆಲಿನ ಗೆಳತಿ ಸೈಮಾಳ ಮನೆಯಲ್ಲಿ ಸೈಕಲ್ ಇಟ್ಟು, ಬೆಳಗಿನ ಜಾವ ಅಕ್ಕಮಹಾದೇವಿ ಗುಡಿಗೆ ಹೋಗುತ್ತೇನೆಂದು ನಿಮಗೆ ಸುಳ್ಳು ಹೇಳಿ ತೊರವಿಯ ಕಡೆ ಓಡಿಸುತ್ತಿದ್ದೆ. ಸೈಮಾ ಈಗ ಸಾಲಿಯಲ್ಲಿ ಆಟದ ಟೀಚರು. ಹವ್ಯಾಸಿಗಳ ರೇಸಿಗೆ ನನ್ನ ಹೆಸರು ಬರೆಸಿದ್ದೂ ಅವಳೇ, ಆದರೆ ಅವಳನ್ನು ಬೈಯಬೇಡಿರಿ. ಬರೆಸು ಎಂದು ಕೈ ಹಿಡಿದು ಕೇಳಿಕೊಂಡವಳು ನಾನು. ಖಂಡೇಪೂಜೆಗೆ ಶೆಡ್ಡಿನ ಮಷೀನುಗಳಿಗೆ ಕುಂಕುಮ ಹಚ್ಚಲು ಹೋದಾಗ ಕೊಂಡಿ ಬರಿದಾಗಿದ್ದು ನೋಡಿದಿರಿ. ಹಬ್ಬದ ದಿನವೇ ಸಿಗಬೇಕೆ? ಅಲ್ಲೇ ಬಿದ್ದಿದ್ದ ಮುಡಿಪಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಮನೆಗೆ ಬಂದು ಬಾಗಿಲಲ್ಲೇ ನಿಂತಿರಿ. ‘ನಿನ್ನ ಜೀವಾ ಕಟ್ಟಿಟ್ಟಿದ್ದೆ ಇದರಾಗ. ಯಾಕ ಬಿಚ್ಚಿದಿ, ವಿದ್ಯಾ? ಯಾಕ?’ ನಾನು ಹಟಕ್ಕೆ ಬಿಚ್ಚಿದೆ ಎಂದೆ. ‘ಇನ್ನ ನಿನಗ ಏನರೆ ಆದರ ನಾ ಕಣ್ಣಿಲೆ ನೋಡಲಾರೆ’ ಎಂದು ಅದೇ ಅಂಗಿಯಲ್ಲಿ ಬಬಲೇಶ್ವರಕ್ಕೆ, ಅತ್ತೆಯ ಬಳಿಗೆ ಹೊರಟು ಹೋದಿರಿ.

ಮರುದಿನ ಬನ್ನಿ ಹಿಡಿದುಕೊಂಡು ಸಂಜೆಯತನಕ ಕಟ್ಟೆಯ ಮೇಲೆ ಕುಳಿತಿದ್ದೆ. ಓಣಿಯವರೆಲ್ಲ ಬಂದು ‘ಬನ್ನಿ ತೊಗೊಂಡು ಬಂಗಾರದಾಂಗ ಇರೋಣ್ರಿ’ ಎಂದು ಕೊಟ್ಟು ಹೋದರು. ಯಜಮಾನರೆಲ್ಲಿ ಎಂದರೆ ತಿಕೋಟಾಕ್ಕೆ ಹೋಗ್ಯಾರ ಎಂದೆ. ದೀಪಾವಳಿಯಲ್ಲೂ ಅದನ್ನೇ ಹೇಳಿದೆ. ಮಕ್ಕಳಿಲ್ಲದ ಮನೆ, ನೀವು ಬಯ್ಯುವ ದನಿಯೂ ಇಲ್ಲದೆ ಹೋದರೆ ಹೇಗಿರುತ್ತದೆ ಎಂದು ನಿಮಗೇನು ಗೊತ್ತು?

ಅತ್ತೆ ಫೋನಿನಲ್ಲಿ ಮಾತಾಡುತ್ತಾರೆ. ‘ಆಂವಾ ರೊಟ್ಟಿ ಮುರದು ತಾಟಿನ್ಯಾಗ ಹಂಗs ಬಿಟ್ಟು ಏಳತಾನವಾ. ನೀ ಒಂದ ಮಾತು ತಪ್ಪಾತು ಅನ್ನು, ಮುಡಪ ತಿರಗಿ ಕಟ್ಟೂಣು’ ಎಂದರು. ಎರಡು ಸಲ ಹೇಳಿದರು. ಅತ್ತೆಯ ಮಾತನ್ನು ನಾನು ಎಂದೂ ಮೀರಿದವಳಲ್ಲ. ಆದರೆ ಇದೊಂದಕ್ಕೆ ಹೂಂ ಎನ್ನಲಿಲ್ಲ.

ಇರಲಿ, ರೇಸಿನ ಮಾತು ಬರೆಯುತ್ತೇನೆ. ಮೂವತ್ತೈದು ದಾಟಿದ ಹೆಂಗಸರು ಒಂಬತ್ತು ಮಂದಿ ಇದ್ದೆವು. ಕಲ್ಲು, ಜಾಲಿ, ಒಣಗಿದ ಹಳ್ಳ, ಹಳ್ಳ ದಾಟಿದ ಕೂಡಲೇ ನೆಟ್ಟಗೆ ಏರು. ಅಂಥ ದಾರಿಯಲ್ಲಿ ನಾಲ್ಕು ಸುತ್ತು. ಮೊದಲನೆಯ ಸುತ್ತಿನಲ್ಲೇ ಉಸಿರು ಬಾಯಿಗೆ ಬಂತು. ಎರಡನೆಯದರಲ್ಲಿ ಕಾಲಿಗೆ ಹಳೆಯ ನೆನಪು ಬಂತು, ರೀ! ಇಬ್ಬರನ್ನು ಹಿಂದೆ ಹಾಕಿದೆ. ಸೈಮಾ ‘ನಾಲ್ಕನೇದಾಕಿ ಅದೀ ಲೇ, ಹೊಡಿ ಹೊಡಿ’ ಎಂದು ಒದರುತ್ತಿದ್ದಳು. ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ನಗುತ್ತಿದ್ದೆ.

ಮೂರನೆಯ ಸುತ್ತಿನಲ್ಲಿ ನಿಮ್ಮನ್ನು ಕಂಡೆ. ಹಳ್ಳದ ದಂಡೆಯಲ್ಲಿ, ಮಂದಿಯಿಂದ ದೂರ, ಗಾಡಿಗೆ ಒರಗಿ ನಿಂತಿದ್ದಿರಿ. ಗಟ್ಟಿಯಾಗಿ ಕಣ್ಣು ಮುಚ್ಚಿದ್ದಿರಿ. ತುಟಿ ಅಲುಗುತ್ತಿದ್ದವು, ಕೈ ಮುಗಿದಿದ್ದಿರಿ. ನನ್ನನ್ನು ನೋಡಲು ಬಂದು ನನ್ನನ್ನು ನೋಡದೆ ನಿಂತಿದ್ದಿರಿ. ಬ್ರೇಕು ಹಿಡಿದೆ, ಬಿದ್ದೆ. ಸೈಕಲನ್ನು ಅಲ್ಲೇ ಬಿಟ್ಟು, ಜಾಲಿಯಲ್ಲಿ ಸಿಕ್ಕ ಅಂಗಿ ಕಿತ್ತುಕೊಂಡು ‘ರೀ’ ಎಂದು ಕೂಗುತ್ತ ದಂಡೆ ಹತ್ತಿದೆ. ನೀವು ಕಣ್ಣು ತೆರೆದಿರಿ. ಮೊಣಕಾಲಿನ ರಕ್ತ ನೋಡಿದಿರಿ. ಗಾಡಿ ಚಾಲೂ ಮಾಡಿ ಹೋಗಿಬಿಟ್ಟಿರಿ. ರಕ್ತವನ್ನಷ್ಟೇ ನೋಡಿದಿರಿ, ನನ್ನ ಮುಖ ನೋಡಲಿಲ್ಲ.

ಅಲ್ಲಿಯೇ ಕುಕ್ಕರಿಸಿ ಅತ್ತುಬಿಟ್ಟೆ. ಎಲ್ಲರೂ ನನ್ನನ್ನು ದಾಟಿ ಹೋದರು. ಸೈಮಾ ಬಂದು ಸಾಕು ಬಿಡು ಎಂದಳು. ಬಿಡಲಿಲ್ಲ. ಏರಿನಲ್ಲಿ ಸೈಕಲನ್ನು ಹೆಗಲಿಗೆ ಹಾಕಿ ನಡೆದೆ. ಒಂಬತ್ತರಲ್ಲಿ ಒಂಬತ್ತನೆಯವಳಾಗಿ ಮುಟ್ಟಿದೆ. ಅಷ್ಟೊತ್ತಿಗೆ ಶಾಮಿಯಾನದ ಒಂದು ಬದಿ ಬಿಚ್ಚಿದ್ದರು. ಪದಕ ಕೊರಳಿಗೆ ಹಾಕಿದರು, ಮುಗಿಸಿದವರಿಗೆಲ್ಲ ಕೊಡುತ್ತಾರಂತೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾದೀತು. ಬಹಳ ಇದೆ. ಆದರೆ ಅದಕ್ಕಿಂತ ಹೆಚ್ಚು ನಿಮ್ಮ ನೆನಪಾಗುತ್ತದೆ. ಚಹಾ ಇಡುವಾಗ ಇನ್ನೂ ಎರಡು ಕಪ್ಪಿನ ಹಾಲು ಹಾಕುತ್ತೇನೆ. ನಿಮ್ಮ ದೇವರಿಗೂ ನನಗೂ ಜಗಳವಿಲ್ಲ ರೀ. ನೀವು ನಡುವೆ ನಿಂತು ಹೆದರುವುದನ್ನು ನೋಡಲಾರೆ.

ಅತ್ತೆಯವರ ಮಂಡಿನೋವಿನ ಎಣ್ಣೆ ಕಪಾಟಿನಲ್ಲೇ ಉಳಿದಿದೆ. ಯಾರಾದರೂ ಆ ಕಡೆ ಬರುವವರಿದ್ದರೆ ಕಳಿಸುತ್ತೇನೆ.

ನಿಮ್ಮವಳೇ,
ವಿದ್ಯಾವತಿ

ತಾ.ಕ.: ಇಷ್ಟಕ್ಕೇ ಮುಗಿಸಿ ಅಂಟಿಸಬೇಕೆಂದಿದ್ದೆ, ಕೈ ಬರಲಿಲ್ಲ. ಜೊತೆಗೆ ಇಟ್ಟಿರುವುದು ಸ್ಕ್ಯಾನಿನ ವರದಿ. ಬ್ಯಾನಿ ತಿರುಗಿ ಬಂದಿದೆ, ಈ ಸಲ ಲಿವರಿನಲ್ಲಿ. ಇಷ್ಟು ದಿನ ಡಾಕ್ಟರು ಗುಳಿಗೆಯಲ್ಲಿ ತಡೆದಿದ್ದಾರೆ. ವರದಿಯ ಮೇಲಿನ ತಾರೀಖು ನೋಡಿರಿ, ಸೆಪ್ಟೆಂಬರ್ 22. ನಾನು ಮುಡಿಪು ಬಿಚ್ಚಿದ್ದು 25ಕ್ಕೆ. ಬಿಚ್ಚಿದ್ದಕ್ಕೆ ಬಂದದ್ದಲ್ಲ, ಬಂದದ್ದಕ್ಕೆ ಬಿಚ್ಚಿದೆ. ಆವತ್ತು ಯಾಕ ಎಂದು ಕೇಳಿದಿರಿ, ಹೇಳಿದ್ದರೆ ನಿಮ್ಮ ಹರಕೆ ಮುಟ್ಟಲಿಲ್ಲವೆಂದು ನೀವು ಅಲ್ಲಿಯೇ ಕುಸಿಯುತ್ತಿದ್ದಿರಿ. ನನ್ನ ಮೇಲೆ ಸಿಟ್ಟಾದರೂ ಇರಲಿ ಎಂದುಕೊಂಡೆ. ನಲವತ್ತು ದಿನ ಹೀಗೆ ಕಳೆದುಹೋದವು, ನನ್ನದೇ ತಪ್ಪು. ಬರುವ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಸಲೈನು ಶುರು. ಸೈಮಾ ಬರುತ್ತೇನೆ ಎಂದಳು, ಬೇಡ ಎಂದೆ. ರೀ, ನನಗೆ ಭಾಳ ಹೆದರಿಕೆ ಆಗುತ್ತಿದೆ.