ನಲವತ್ತೊಂದನೆಯ ಪ್ರಶ್ನೆ

ಕುಓಪಿಯೊ
14 ನವೆಂಬರ್ 2019

ಪ್ರೀತಿಯ ತೈನಾ,

ಮೂರು ವಾರದಲ್ಲಿ ನೀನು ಐದು ಸಲ ಫೋನ್ ಮಾಡಿದೆ, ಐದು ಸಲವೂ ನಾನು ಎತ್ತಲಿಲ್ಲ. ಎರಡು ಸಲ ಅದನ್ನು ಕೈಯಲ್ಲೇ ಹಿಡಿದುಕೊಂಡು, ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುವವರೆಗೂ ನೋಡುತ್ತ ಕೂತಿದ್ದೆ. ತಪ್ಪಾಯಿತು ಕಣೆ. ಕೆಲಸ, ಸಭೆ, ನೆಗಡಿ ಎಂದು ಏನಾದರೊಂದು ನೆವ ಹೇಳಬಹುದಿತ್ತು. ಹೇಳಿದರೆ ನೀನು ನಂಬಿಯೂ ಬಿಡುತ್ತೀ, ಅದೇ ಕಷ್ಟ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕಾದದ್ದನ್ನೆಲ್ಲ ನುಂಗಿಕೊಂಡು ಬೆಕ್ಕಿನ ಆರೋಗ್ಯದ ಸುದ್ದಿ ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ಬೆಕ್ಕು ಚೆನ್ನಾಗಿದೆ.

ನೀನು ಕಳಿಸಿದ ಉಣ್ಣೆಯ ಅಂಗಿ ತಲುಪಿತು. ಬಣ್ಣ ಚೆಂದ, ಹೆಣಿಗೆ ಅದಕ್ಕಿಂತ ಚೆಂದ, ಆದರೆ ತೋಳಿನಿಂದ ಆಚೆಗೆ ನನಗೆ ಹತ್ತಲಿಲ್ಲ. ನನ್ನ ಮನಸ್ಸು ನೋಯಬಾರದೆಂದು ನೀನು ಪ್ರತಿಸಲವೂ ಎರಡು ಅಳತೆ ಕಡಿಮೆಯೇ ಹೆಣೆಯುತ್ತೀ. ಇಂಥ ಆರು ಅಂಗಿ ನನ್ನ ಬೀರುವಿನಲ್ಲಿ ಮಡಿಸಿದ್ದು ಮಡಿಸಿದ ಹಾಗೇ ಕೂತಿವೆ. ಒಂದು ಸಲ ಸರಿಯಾದ ಅಳತೆಗೆ ಹೆಣೆದು ಕಳಿಸು ಮಾರಾಯ್ತಿ, ನನಗೂ ಚಳಿಯಾಗುತ್ತದೆ.

ಸುತ್ತಿ ಬಳಸಿ ಹೇಳುವುದು ಬೇಡ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಐವತ್ತೇಳು ವರ್ಷದ ಹೆಂಗಸು, ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕಿಕೊಳ್ಳುವವಳು, ಒಂದೇ ಬಸಿರಲ್ಲಿ ತನ್ನ ಪಕ್ಕ ಮಲಗಿದ್ದವಳ ಮೇಲೆ ಕರುಬುತ್ತಾಳೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಇದು ಹೋದ ತಿಂಗಳು ಶುರುವಾದದ್ದೇನಲ್ಲ, ಹೋದ ತಿಂಗಳು ನೀನು ನಮ್ಮ ಸಂಸ್ಥೆಗೆ ಬಂದು ಹೋದ ಮೇಲೆ ತಡೆದುಕೊಳ್ಳಲು ಆಗದಷ್ಟಾಯಿತು, ಅಷ್ಟೆ.

ನಮ್ಮ ಅಧ್ಯಯನದ ವಿಷಯ ನಿನಗೆ ಅರ್ಧಂಬರ್ಧ ಗೊತ್ತು. ಈ ದೇಶದ ಜನ ವರ್ಷದಿಂದ ವರ್ಷಕ್ಕೆ ಯಾಕೆ ದಪ್ಪಗಾಗುತ್ತಿದ್ದಾರೆ ಎಂದು ಕೇಳಿ ನೋಡು, ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಉತ್ತರ ಸಿದ್ಧವಿರುತ್ತದೆ. ಸಚಿವಾಲಯದವರು ಸಕ್ಕರೆ ಎನ್ನುತ್ತಾರೆ. ನಮ್ಮ ಮುಖ್ಯಸ್ಥರು, ಜನ ಈಗ ಬಾಗಿಲ ಮುಂದಿನ ಹಿಮವನ್ನೂ ಯಂತ್ರದಲ್ಲೇ ಎತ್ತಿಸುತ್ತಾರೆ, ಅದಕ್ಕೇ ಎನ್ನುತ್ತಾರೆ. ನನ್ನ ಜೊತೆ ಈ ಕೆಲಸ ಹೊತ್ತಿರುವ ಓಸ್ಸಿ ಎಂಬ ಮೂವತ್ತೆಂಟರ ಹುಡುಗ, ಚಳಿಗಾಲವಿಡೀ ಹಿಮದ ಮೇಲೆ ಸ್ಕೀಯಲ್ಲಿ ಜಾರುವವನು, ಎಲ್ಲಕ್ಕೂ ಕುರ್ಚಿಯೇ ಕಾರಣ ಎಂದು ನಿಂತುಕೊಂಡೇ ವಾದಿಸುತ್ತಾನೆ. ಎಲ್ಲವೂ ನಿಜವಿರಬಹುದು. ಆದರೆ ಯಂತ್ರಗಳೂ ಹೆಚ್ಚಾದವು, ತೂಕವೂ ಹೆಚ್ಚಾಯಿತು ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಲಾಗದು. ಹಾಗಾಗಿ ನಾನು ಅವಳಿಗಳನ್ನು ಹಿಡಿದೆ. ಒಂದೇ ಅಂಡದಿಂದ ಒಡೆದು ಹುಟ್ಟಿದವರು, ಇಬ್ಬರ ನಡುವೆ ಕಡಿಮೆಯೆಂದರೂ ಹದಿನೈದು ಕಿಲೋ ವ್ಯತ್ಯಾಸವಿರುವವರು, ಅಂಥ ನಾನೂರು ಜೋಡಿ. ರಕ್ತ ಒಂದೇ, ಹುಟ್ಟಿದ ಗಳಿಗೆ ಒಂದೇ. ಇವರಲ್ಲಿ ಒಬ್ಬರು ಮಾತ್ರ ಯಾಕೆ ಬೆಳೆದರು ಎಂದು ಗೊತ್ತಾದರೆ ದೇಶ ಯಾಕೆ ಬೆಳೆಯಿತು ಎಂಬುದಕ್ಕೂ ಒಂದು ದಾರಿ ಸಿಕ್ಕಬಹುದು. ಈ ಯೋಚನೆ ಎಲ್ಲಿಂದ ಹೊಳೆಯಿತು ಎಂದು ಎಲ್ಲರೂ ಕೇಳುತ್ತಾರೆ. ಅಂಥದೊಂದು ಜೋಡಿ ನನ್ನ ಮನೆಯಲ್ಲೇ ಇತ್ತಲ್ಲ.

ಅವರಿಗೆಲ್ಲ ನಾನು ನಮ್ಮ ಸ್ವೀಡನ್ ಕಥೆ ಹೇಳುತ್ತಿದ್ದೆ. ಅರವತ್ತೊಂಬತ್ತರಲ್ಲಿ ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ಬೋರೋಸ್‌ನ ಬಟ್ಟೆ ಗಿರಣಿಗೆ ಹೋದದ್ದು, ಗಿರಣಿಯವರು ಕೊಟ್ಟ ಕೋಣೆಯಲ್ಲಿ ಒಂದೇ ಮಗುವಿಗೆ ಜಾಗವಿದ್ದದ್ದು, ಏಳು ವರ್ಷದ ನಿನ್ನನ್ನು ಅಮ್ಮ ಕರೆದುಕೊಂಡು ಹೋದದ್ದು, ನಾನು ಎರಡು ವರ್ಷ ಅಜ್ಜಿಯ ಹಳ್ಳಿಯಲ್ಲಿ ಉಳಿದದ್ದು. ನೀವು ವಾಪಸು ಬಂದ ದಿನ ಪಕ್ಕದ ಮನೆಯವರು ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ಇವರು ಅವಳಿ ಎಂದರೆ ಇನ್ನು ಯಾರು ನಂಬುತ್ತಾರೆ ಎಂದಿದ್ದರು. ಹೆಲ್ಸಿಂಕಿಯ ಸಭೆಯಲ್ಲಿ ‘ಅಮ್ಮ ಇಬ್ಬರಲ್ಲಿ ಒಬ್ಬಳನ್ನು ಆರಿಸಿದಳು’ ಎಂದು ಹೇಳಿ ನಾನು ನೀರಿನ ಲೋಟ ಎತ್ತಿಕೊಂಡೆ. ಮುಂದಿನ ಸಾಲಿನಲ್ಲಿದ್ದ ಇಬ್ಬರು ಕಣ್ಣು ಒರೆಸಿಕೊಂಡರು. ಆ ವರ್ಷವೇ ಅಧ್ಯಯನಕ್ಕೆ ಒಪ್ಪಿಗೆಯೂ ಸಿಕ್ಕಿತು.

ಪ್ರಶ್ನೆಪಟ್ಟಿಯಲ್ಲಿ ಅರವತ್ತು ಪ್ರಶ್ನೆ. ಊಟ, ನಿದ್ದೆ, ಶಾಲೆಗೆ ನಡೆದ ದೂರ, ಬೆಣ್ಣೆ ಎಷ್ಟು ದಪ್ಪ ಹಚ್ಚುತ್ತಿದ್ದರು ಎಂಬುದೂ ಇದೆ. ನಲವತ್ತೊಂದನೆಯದನ್ನು ಸೇರಿಸಿದ್ದು ನಾನು: ‘ಬಾಲ್ಯದಲ್ಲಿ ನೀವಿಬ್ಬರೂ ಬೇರೆಬೇರೆ ಕಡೆ ಇದ್ದಿದ್ದರೆ, ಯಾರು ಎಲ್ಲಿಗೆ ಎಂದು ತೀರ್ಮಾನಿಸಿದವರು ಯಾರು?’ ಓಸ್ಸಿ ಅದರ ಮೇಲೆ ಕೆಂಪು ಗೆರೆ ಎಳೆದು ತಂದ.

“ಯಾರು ತೀರ್ಮಾನ ಮಾಡಿದ್ರು ಅನ್ನೋದ್ರಿಂದ ತೂಕ ಹೆಚ್ಚಾಗತ್ತಾ, ಕೈಸು?”

“ಆಗತ್ತೆ.”

“ಆಧಾರ ಏನಿದೆ?”

“ಇಲ್ಲ ಅಂತಾನೇ ಕೇಳ್ತಿರೋದು.”

ಒಂದು ವಾರ ಹಗ್ಗಜಗ್ಗಾಟ ಆಯಿತು. ನಾನು ಪುಟಗಟ್ಟಲೆ ಬರೆದೆ, ಹಿಂದೆ ಉಳಿದ ಮಕ್ಕಳ ಮನಸ್ಸು, ಹಸಿವು, ಹಾಳುಮೂಳು ಎಲ್ಲ. ಕೊನೆಗೆ ಅವನು, ಸರಿ, ಮೊದಲ ಹತ್ತು ಜೋಡಿಗೆ ಕೊಟ್ಟು ನೋಡೋಣ, ಕೆಲಸಕ್ಕೆ ಬಾರದಿದ್ದರೆ ತೆಗೆಯೋಣ ಎಂದ. ಆ ಹತ್ತು ಜೋಡಿಯ ಉತ್ತರ ಲೆಕ್ಕಕ್ಕೆ ಹೋಗುವುದಿಲ್ಲ, ಪ್ರಶ್ನೆಗಳು ಜನರಿಗೆ ಅರ್ಥವಾಗುತ್ತವೆಯೇ ಎಂದು ನೋಡಲು ಮಾತ್ರ. ಹತ್ತನೆಯ ಜೋಡಿಯಲ್ಲಿ ಒಬ್ಬರಿಗೆ ಜ್ವರ ಬಂದು ತಪ್ಪಿಸಿದರು. “ನಿಮ್ಮ ತಂಗೀನೇ ಕರೀಬಹುದಲ್ಲ” ಎಂದವನೂ ಓಸ್ಸಿಯೇ. ನಾನು ಬೇಡ ಎನ್ನುವ ಹಾಗೆ ಮುಖ ಮಾಡಿ, ಮರುಕ್ಷಣವೇ ನಿನಗೆ ಫೋನ್ ಮಾಡಿದೆ.

ಇನ್ನು ನೀನು ಬಂದ ದಿನ. ಆರು ವರ್ಷದಿಂದ ಒಂದೇ ಕೋಣೆಯಲ್ಲಿದ್ದರೂ ಓಸ್ಸಿ ನನಗೆ ಒಂದು ದಿನ ಕಾಫಿ ಬಗ್ಗಿಸಿ ಕೊಟ್ಟವನಲ್ಲ. ನಿನಗೆ ಎರಡು ಸಲ ಬಗ್ಗಿಸಿದ. ನೀನು ಏಲಕ್ಕಿ ಬನ್ನು ಒಂದೂವರೆ ತಿಂದೆ, ಉಳಿದರ್ಧದ ಮೇಲಿನ ಸಕ್ಕರೆಯನ್ನು ಬೆರಳಲ್ಲಿ ಒತ್ತಿ ತೆಗೆದು ನೆಕ್ಕಿದೆ, ಯಾರ ಕಣ್ಣಿಗೂ ಅದು ಬೀಳಲಿಲ್ಲ. ನಾನು ತಟ್ಟೆಯತ್ತ ಕೈ ಚಾಚಿದರೆ ಮೇಜಿನ ಸುತ್ತಲಿನ ಮಾತು ಒಂದು ಕ್ಷಣ ನಿಲ್ಲುತ್ತದೆ. ದಪ್ಪಗಿರುವುದರ ಬಗ್ಗೆಯೇ ಕೆಲಸ ಮಾಡುವ ಜನ ಅವರು, ತಪ್ಪು ತಿಳಿಯುವವರಲ್ಲ, ಆದರೂ ನಿಲ್ಲುತ್ತದೆ. ನಾನು ಒಣ ರೈ ರೊಟ್ಟಿ ಕಡಿದುಕೊಂಡು ಕೂತೆ.

ತೂಕದ ಕೋಣೆಯಲ್ಲಿ ನಮ್ಮ ದಾದಿ ಮಿರ್ಕಾ ನಿನ್ನದು ಅರವತ್ತೊಂದು, ನನ್ನದು ತೊಂಬತ್ತನಾಲ್ಕು ಎಂದು ಬರೆದುಕೊಂಡಳು. ಆಮೇಲೆ ನಿನ್ನನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿ, “ನೋಡಿ ಕೈಸು, ನೀವು ಹೀಗಿರ್ತಿದ್ರಿ” ಎಂದಳು. ಕೆಟ್ಟ ಹುಡುಗಿಯಲ್ಲ ಅವಳು, ಬಾಯಿಗೆ ಬಂದದ್ದನ್ನು ಹೇಳಿದಳು. ಆಗ ನೀನು ಏನೆಂದೆ, ನೆನಪಿದೆಯೇ? “ತಲೆಯೆಲ್ಲ ಅವಳಿಗೇ ಹೋಯ್ತು, ನನಗೆ ಉಳಿದಿದ್ದು ಇಷ್ಟೇ.” ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಮಾನ ಕಾಪಾಡಿದವಳೂ ನೀನೇ ಆಗಬೇಕಿತ್ತೇ? ನೀನು ಸ್ವಲ್ಪ ಕೆಟ್ಟವಳಾಗಿದ್ದಿದ್ದರೆ ನನ್ನ ಬದುಕು ಎಷ್ಟು ಸುಲಭವಾಗುತ್ತಿತ್ತು.

ಸಂಜೆ ಸೌನಾದಲ್ಲಿ ಕೂತಾಗ ಅಮ್ಮನ ಕೊನೆಯ ದಿನಗಳ ಮಾತು ತೆಗೆದೆ ನೀನು. ತುರ್ಕುವಿನ ನಿನ್ನ ಮನೆಯಲ್ಲಿ ಅಮ್ಮ ನಿನ್ನ ಕೈಯಲ್ಲೇ ಉಂಡದ್ದು, ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿರ ಸೇರಿಸದೆ ಇದ್ದದ್ದು. ನೀನು ನೋವಿನಿಂದ ಹೇಳಿಕೊಳ್ಳುತ್ತಿದ್ದೆ. ನಾನು ಬಿಸಿ ಕಲ್ಲಿನ ಮೇಲೆ ಚೊಂಬುಗಟ್ಟಲೆ ನೀರು ಸುರಿದು, ಆವಿಯಲ್ಲಿ ನಿನ್ನ ಮುಖ ಕಾಣದ ಹಾಗೆ ಮಾಡಿಕೊಂಡೆ. ಅಷ್ಟೊಂದು ಸೆಖೆ ಬೇಡ ಎಂದು ನೀನು ಕೆಳಗಿನ ಹಲಗೆಗೆ ಇಳಿದು ಕೂತೆ.

ಈಗ ನಿಜವಾದ ತಪ್ಪಿಗೆ ಬರುತ್ತೇನೆ. ಜೋಡಿಯಲ್ಲಿ ಒಬ್ಬರು ಬರೆದದ್ದು ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಎಂಬುದು ಮೊದಲನೆಯ ನಿಯಮ. ಅಂಟಿಸಿದ ಲಕೋಟೆ, ಬೀಗ ಹಾಕಿದ ಕಪಾಟು. ನಿಯಮ ಬರೆದವಳು ನಾನು, ಬೀಗದ ಕೈ ಇರುವುದೂ ನನ್ನ ಹತ್ತಿರ. ಮರುವಾರದ ಗುರುವಾರ ಎಲ್ಲರೂ ಕೆಳಗೆ ಊಟದ ಕೋಣೆಗೆ ಬಟಾಣಿ ಸಾರು ಕುಡಿಯಲು ಹೋದ ಹೊತ್ತಿನಲ್ಲಿ ನಾನು ಕಪಾಟು ತೆಗೆದು ನಿನ್ನ ಲಕೋಟೆ ಒಡೆದೆ. ಬೇಲಿಯೇ ಎದ್ದು ಹೊಲ ಮೇಯಿತು. ಬೇರೆ ಐವತ್ತೊಂಬತ್ತು ಪ್ರಶ್ನೆಗಳ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಆ ಪುಟಕ್ಕೆ ಹೋದೆ, ಓದಿದೆ, ಮತ್ತೆ ಅಂಟು ಹಚ್ಚಿ ಇಟ್ಟೆ. ಆಮೇಲೆ ಕೆಳಗೆ ಹೋಗಿ ಎರಡು ತಟ್ಟೆ ಸಾರು ಕುಡಿದೆ.

ಮೂರು ದಿನ ಕಳೆದು ಸೋಮವಾರ ಓಸ್ಸಿಗೆ ಹೇಳಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. “ನಿಯಮ ಬರೆದವರು ನೀವು, ಕೈಸು” ಎಂದ, ಅಷ್ಟೆ. ಆಮೇಲೆ ಅವನೇ, ಆ ಹಾಳೆಗಳು ಹೇಗೂ ಲೆಕ್ಕಕ್ಕಿಲ್ಲ, ನಮ್ಮಿಬ್ಬರಲ್ಲೇ ಇರಲಿ ಎಂದ. ನಾನೇ ಒಪ್ಪಲಿಲ್ಲ. ನಾಳೆ ನಾನೂರು ಜೋಡಿಯ ಲಕೋಟೆ ಅದೇ ಕಪಾಟಿನಲ್ಲಿ ಇರುತ್ತದೆ, ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲ. ಒಂದನೇ ತಾರೀಖಿನಿಂದ ಅಧ್ಯಯನ ಓಸ್ಸಿಯದು. ಬೀಗದ ಕೈಯನ್ನೂ ಕೊಟ್ಟೆ. ನಲವತ್ತೊಂದನೆಯದನ್ನು ತೆಗೆದುಬಿಡು ಎಂದೆ. ಅವನು ಕೇಳಲಿಲ್ಲ. ಆ ಹತ್ತರಲ್ಲಿ ಬೇರೆಬೇರೆ ಬೆಳೆದ ಜೋಡಿಗಳೆಲ್ಲ ಉಳಿದ ಪ್ರಶ್ನೆಗಳಿಗೆ ಗುರುತು ಹಾಕಿ ಮುಗಿಸಿ, ಆ ಒಂದಕ್ಕೆ ಮಾತ್ರ ಅಂಚಿನವರೆಗೂ ಬರೆದಿದ್ದಾರಂತೆ, ಅದು ಇರಲೇಬೇಕಂತೆ. ನನ್ನ ಪ್ರಶ್ನೆ ಈಗ ಅವನದಾಯಿತು. ಅದಕ್ಕೂ ಹೊಟ್ಟೆ ಉರಿಯುತ್ತದೆ ನನಗೆ, ಏನು ಮಾಡಲಿ, ಅಭ್ಯಾಸಬಲ.

ನೀನು ಏನೂ ತಪ್ಪು ಮಾಡಿಲ್ಲ ತೈನಾ. ನಿನ್ನ ಉತ್ತರವನ್ನು ನಿನಗೆ ಹೇಳದೆ ಓದಿದ್ದಕ್ಕೆ ಕ್ಷಮಿಸು. ನಿನ್ನ ಗಂಡನ ಮಂಡಿ ನೋವು ಬೇಗ ವಾಸಿಯಾಗಲಿ, ನಿನ್ನ ಮೊಮ್ಮಗಳ ಹಲ್ಲು ಬೇಗ ಬರಲಿ. ನಿನಗಿಂತ ಇಪ್ಪತ್ತು ನಿಮಿಷ ದೊಡ್ಡವಳೆಂಬ ಹಕ್ಕಿನಿಂದ ಹರಸುತ್ತಿದ್ದೇನೆ: ಚೆನ್ನಾಗಿರು. ಇನ್ನೊಮ್ಮೆ ಫೋನ್ ಮಾಡಿದರೆ ಎತ್ತುತ್ತೇನೆ.

ನಿನ್ನ
ಕೈಸು

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು: ನಲವತ್ತೊಂದನೆಯದಕ್ಕೆ ನೀನು ‘ತಾಯಿ’ಗೂ ‘ತಂದೆ’ಗೂ ಗುರುತು ಹಾಕದೆ ‘ಬೇರೆಯವರು’ ಎಂಬುದಕ್ಕೆ ಹಾಕಿ, ಪಕ್ಕದ ಗೆರೆಯ ಮೇಲೆ ‘ಕೈಸು’ ಎಂದು ಬರೆದಿದ್ದೀ. ನಿನಗೆ ಅದು ನೆನಪಿಲ್ಲ ಎಂದುಕೊಂಡಿದ್ದೆ. ನೀನು ‘ತಾಯಿ’ ಎಂದು ಗುರುತು ಹಾಕಿದ್ದರೆ, ಐವತ್ತು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದ ಕಥೆ ಕಾಗದದ ಮೇಲೂ ನಿಜವಾಗುತ್ತಿತ್ತು. ಅದಕ್ಕಾಗಿಯೇ ಆ ಪ್ರಶ್ನೆ ಮಾಡಿದ್ದು. ಅಮ್ಮ ನಮ್ಮಿಬ್ಬರನ್ನೂ ಅಡುಗೆಮನೆಯ ಬೆಂಚಿನ ಮೇಲೆ ಕೂರಿಸಿ, “ಯಾರು ಬರ್ತೀರಾ ನನ್ ಜೊತೆ?” ಎಂದು ಕೇಳಿದಳು. ನೀನು ಬಾಯಿ ಬಿಡಲಿಲ್ಲ. “ತೈನಾ ಹೋಗ್ಲಿ” ಎಂದವಳು ನಾನು. ಹಾಗೆಂದರೆ ಅಮ್ಮ ‘ಇಲ್ಲ, ನೀನು ಬಾ, ನೀನಿಲ್ಲದೆ ನಾನು ಹೇಗಿರಲಿ’ ಎನ್ನುತ್ತಾಳೆ ಅಂದುಕೊಂಡಿದ್ದೆ. ಅಮ್ಮ “ಜಾಣೆ ನನ್ನ ಮಗಳು” ಎಂದು ನನ್ನ ತಲೆ ಸವರಿ, ನಿನ್ನ ಬಟ್ಟೆ ಮಡಿಸಲು ಎದ್ದುಹೋದಳು. ಇನ್ನೊಂದು ಸಲ ಕೇಳಲಿಲ್ಲ, ತೈನಾ. ಅಜ್ಜಿ ಮಾತ್ರ ಎರಡು ವರ್ಷ ಪ್ರತಿ ಊಟಕ್ಕೂ “ಇನ್ನೂ ಸ್ವಲ್ಪ ಬೇಕಾ?” ಎಂದು ಕೇಳುತ್ತಿದ್ದಳು. ನಾನು ಒಂದು ಸಲವೂ ಬೇಡ ಎನ್ನಲಿಲ್ಲ.