ಏಳನೆಯ ಮನೆ

ಮಾರ್ಚ್ 9, ಚಿಬಾಯಿಷ್ ಜೌಗುಸೀಮೆ
ಲಸಿಕೆ ಸರ್ವೆಯ ಆರು ಮನೆ ಮುಗಿಯಿತು. ಜೊಂಡಿನ ಗುಡಿಸಲು, ದೋಣಿ, ಮತ್ತೆ ಗುಡಿಸಲು. ಎಲ್ಲ ಕಡೆ ಅದೇ ಪ್ರಶ್ನೆ: ಮಗುವಿಗೆ ಯಾವ ಯಾವ ಲಸಿಕೆ ಆಗಿದೆ? ಎಲ್ಲ ಕಡೆ ಚಹಾ. ಏಳನೆಯದು ಉಮ್ಮ್ ಗಾಫಿಲ್ ಮನೆ... ಖಾಲಿ. ನೀರು ಉಪ್ಪಾದಾಗಲೆಲ್ಲ ಎಮ್ಮೆಗಳ ಜತೆ ಉತ್ತರಕ್ಕೆ ಹೋಗುತ್ತಾರಂತೆ.
ಪಕ್ಕದವಳು ಅಂದಳು, "ಅವ್ರ ಮಕ್ಳಿಗೆಲ್ಲ ಸೂಜಿ ಆಗಿದೆ ಕಣೇ, ಬರ್ಕೋ."
ಬರೆಯಲಿಲ್ಲ.

ಮಾರ್ಚ್ 10
ಸರ್ವೆಯ ಮುಖ್ಯಸ್ಥೆ ಡಾಕ್ಟರ್ ನಿಬ್ರಾಸ್ ಫೋನಿನಲ್ಲಿ, "ಮನೇಲಿ ಯಾರೂ ಇಲ್ಲ ಅಂತ ಬರೆದುಬಿಡು ಇಬ್ತಿಹಾಲ್. ನಾಳೆ ಕೊನೇ ದಿನ."
"ಯಾವ ಮನೇಲಿ ಕೇಳ್ಬೇಕು ಅಂತ ಚೀಟಿ ಎತ್ತಿದಾಗ ಬಂದದ್ದು ಆ ಮನೆ, ಡಾಕ್ಟರೇ. ದೂರ ಇರೋರನ್ನೆಲ್ಲ ಬಿಟ್ರೆ ಲೆಕ್ಕ ಚೆನ್ನಾಗೇ ಕಾಣತ್ತೆ. ನಿಜ ಆಗಲ್ಲ."
ಡಾಕ್ಟರ್ ನಕ್ಕರು. "ನಾನೇ ಕಲಿಸಿದ ಪಾಠ ನಂಗೇ ಒಪ್ಪಿಸ್ತೀಯಾ! ಹೋಗು, ಪೆಟ್ರೋಲ್ ಹಾಕಿಸ್ತೀನಿ."

ಮಾರ್ಚ್ 11
ದೋಣಿಯ ಅಬೂ ದಾಖಿಲ್ ದಾರಿಯುದ್ದಕ್ಕೂ ಗೊಣಗಿದ. "ಇವ್ಳನ್ನ ಯಾವ ಗಂಡು ಕಟ್ಕೋತಾನೋ, ಅವ್ನನ್ನೂ ಎಣಿಸಿಬಿಡ್ತಾಳೆ!" ಜೊಂಡಿನಲ್ಲಿ ಸಿಕ್ಕಿಕೊಂಡಾಗ ಅವನೇ ನೀರಿಗಿಳಿದು ತಳ್ಳಿದ. ಬೈಯುತ್ತಲೇ.
ಮಧ್ಯಾಹ್ನ ಸಿಕ್ಕರು.
ಉಮ್ಮ್ ಗಾಫಿಲ್ ಸೊಂಟಕ್ಕೆ ಕೈಯಿಟ್ಟು ನಿಂತಳು. "ಸೂಜಿ ತಂದ್ಯಾ?"
"ಇಲ್ಲ ಅಜ್ಜಿ. ಕೇಳೋಕೆ ಬಂದೆ."
"ಕೇಳೋಕಾ! ಹೊಟ್ಟೆ ಹಸಿದೋರ ಮನೇಗೆ ಬಂದು ಊಟ ಆಯ್ತಾ ಅಂದ ಹಾಗೆ!"
ಆದರೂ ಕೂರಿಸಿದಳು. ದೊಡ್ಡ ಮೊಮ್ಮಕ್ಕಳಿಬ್ಬರಿಗೆ ಲಸಿಕೆ ಆಗಿದೆ. ಇಲ್ಲೇ ಹುಟ್ಟಿದ ಕಿರಿಯ ಮೊಮ್ಮಗಳು ನೌರಸ್‌ಗೆ, ಈಗಷ್ಟೇ ತಪ್ಪುಹೆಜ್ಜೆ ಇಡುವವಳಿಗೆ — ಒಂದೂ ಇಲ್ಲ. ಸುತ್ತಲಿನ ಕೂಸುಗಳಿಗೂ ಇಲ್ಲ. ಕಳೆದ ಚಳಿಗಾಲದಲ್ಲಿ ಒಂದು ಮಗು ದಡಾರದಿಂದ ಹೋಯಿತಂತೆ.
"ಬರೆದ್ರೆ ಏನಾಗತ್ತೆ?" ಎಂದಳು ಅಜ್ಜಿ.
"ಗೊತ್ತಿಲ್ಲ. ನೀವು ಇಲ್ಲಿದ್ದೀರಿ ಅಂತ ಆರೋಗ್ಯ ಇಲಾಖೆಯೋರಿಗೆ ಗೊತ್ತಾಗತ್ತೆ."
ಅಳು ಬಂತು. ದೋಣಿ ತಿರುಗುವವರೆಗೆ ತಡೆದುಕೊಂಡೆ.

ಏಪ್ರಿಲ್ 6
ಡಾಕ್ಟರ್ ಫೋನ್! ವರದಿ ನೋಡಿ ಇಲಾಖೆಯವರು ಲಸಿಕೆ ದೋಣಿ ಹೊರಡಿಸುತ್ತಿದ್ದಾರೆ. "ದಾರಿ ತೋರ್ಸೋಕೆ ನೀನೇ ಬೇಕಂತೆ."
ಅಮ್ಮನಿಗೆ ಹೇಳಿದೆ. ಇನ್ನೊಂದು ಸಲ ಹೇಳಿದೆ, ಪಕ್ಕದ ಮನೆಗೂ ಕೇಳುವ ಹಾಗೆ.

ಏಪ್ರಿಲ್ 9, ಮಧ್ಯಾಹ್ನ
ಎಲ್ಲ ಗುಡಿಸಲಿನಿಂದಲೂ ತಾಯಂದಿರು ಕೂಸು ಎತ್ತಿಕೊಂಡು ಬಂದರು. ಉಮ್ಮ್ ಗಾಫಿಲ್ ನನ್ನ ರಟ್ಟೆ ಹಿಡಿದು ಎಲ್ಲರಿಗೂ ತೋರಿಸಿದಳು, "ಇವ್ಳೇ! ನಮ್ಮನ್ನ ಹುಡುಕ್ಕೊಂಡು ಬಂದೋಳು ಇವ್ಳೇ!" ಬೇಡ ಅಜ್ಜಿ ಅಂದೆ. ಕೈ ಬಿಡಿಸಿಕೊಳ್ಳಲಿಲ್ಲ ಮಾತ್ರ.
ನೌರಸ್ ಕಿರುಚಿದ ಕಿರುಚಿಗೆ ಎಮ್ಮೆಗಳು ತಲೆ ಎತ್ತಿ ನೋಡಿದವು. ಈಗ ನನ್ನ ತೊಡೆಯ ಮೇಲಿದ್ದಾಳೆ. ಕೆನೆ ಮೆತ್ತಿದ ಬಾಯಿ, ಅಳುವೆಲ್ಲ ಮರೆತು ಪೆನ್ನಿಗೆ ಕೈ ಹಾಕು—