ಅರ್ಧದಲ್ಲಿ ನಿಂತ ಮುಳ್ಳು

ಮನೆಯಿಂದ,
ಭಾನುವಾರ, ಸಂಜೆ ಏಳು ಗಂಟೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಕೆಮ್ಮು ಕಡಿಮೆಯಾಯಿತೇ? ಅಪ್ಪನ ಕಾರ್ಯ ಮುಗಿಸಿ ಹೋದವನು ಒಂದು ಫೋನೂ ಮಾಡಿಲ್ಲ. ಅಮ್ಮ ಕೇಳಿದಾಗಲೆಲ್ಲ ನಿನಗೆ ಕೆಲಸ ಜಾಸ್ತಿ ಎನ್ನುತ್ತೇನೆ. ಯಾಕೆ ಮಾಡುತ್ತಿಲ್ಲವೆಂದು ನನಗೆ ಗೊತ್ತು.

ಇಂದು ಇಡೀ ದಿನ ಅಪ್ಪನ ಹಳೇ ಲಾರಿಯ ಹಿಂದೆಯೇ ಹೋಯಿತು. ಅಂದು ಏರಿನಲ್ಲಿ ಡೀಸೆಲ್ ಮುಗಿದು, ಅಪ್ಪ ಡಬ್ಬ ಹಿಡಿದು ರಸ್ತೆ ದಾಟುವಾಗ ಗಾಡಿ ಗುದ್ದಿ ಹಾಗಾಯಿತಲ್ಲ, ಆಮೇಲೆ ಅದು ಶೆಡ್ಡಿನಲ್ಲೇ ನಿಂತಿತ್ತು. ಟ್ಯಾಂಕು ಬರಿದಾಗಿದ್ದರೂ ಡೀಸೆಲ್ ಮೀಟರಿನ ಮುಳ್ಳು ಈಗಲೂ ಅರ್ಧ ತೋರಿಸುತ್ತಿದೆ. ನೀನು ಕಳಿಸಿದ ಮೀಟರು. ಅದನ್ನು ಹಾಕಿಸಿದ ದಿನವೇ ಅಪ್ಪ ಟ್ಯಾಂಕಿಗೆ ಇಳಿಸಿ ಡೀಸೆಲ್ ನೋಡುತ್ತಿದ್ದ ತನ್ನ ಅಳತೆಕೋಲನ್ನು ಅಟ್ಟಕ್ಕೆ ಎಸೆದು, "ನನ್ನ ಮಗ ಕಳಿಸಿದ್ದು ಸುಳ್ಳು ಹೇಳಲ್ಲ" ಎಂದು ಬೀದಿಗೆಲ್ಲ ಸಾರಿದ್ದ. ಈಗ ನಮ್ಮ ತಮ್ಮ, ಚಿಕ್ಕವನು, ಲಾರಿ ತಾನೇ ಓಡಿಸುತ್ತೇನೆಂದು ಹಟ ಹಿಡಿದಿದ್ದಾನೆ.

ಅದಕ್ಕೇ ಗ್ಯಾರೇಜ್ ಮಾವನನ್ನು ಕರೆಸಿದೆ. "ಈ ಮುದುಕಿ ಲಾರಿಗೆ ನನಗಿಂತ ವಯಸ್ಸು ಹೆಚ್ಚು, ಆದರೆ ಹಲ್ಲು ನನಗಿಂತ ಗಟ್ಟಿ" ಎಂದು ನಗುತ್ತಲೇ ಲಾರಿಯ ಕೆಳಗೆ ತೂರಿ, ಟ್ಯಾಂಕಿನ ವೈರು ಕಳಚಿದರು. ಮುಳ್ಳು ಪೂರಾ ಕೆಳಗೆ ಬಿತ್ತು. "ಈಗ ವೈರನ್ನ ಲಾರಿ ಕಬ್ಬಿಣಕ್ಕೆ ಮುಟ್ಟಿಸ್ತೀನಿ. ಮುಳ್ಳು ಎದ್ರೆ ಮೀಟರು ಸರಿ ಇದೆ. ಏಳ್ಲಿಲ್ಲ ಅಂದ್ರೆ ಅದೇ ಕೆಟ್ಟಿದೆ. ನೋಡ್ತಿರಮ್ಮ."

ಅಪ್ಪನ ಸೀಟಿನಲ್ಲಿ ಕೂತಿದ್ದೆ. ಬೇಡ ಮಾವ, ಹೊಸ ಮೀಟರೇ ಹಾಕಿಬಿಡಿ ಎಂದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಳ್ಳು ಕದಲಲೇ ಇಲ್ಲ ಅನ್ನಿಸಿ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅದು ಮೆಲ್ಲಗೆ ಏಳುತ್ತಿತ್ತು. ಕೊನೇ ಗೆರೆಯವರೆಗೂ ಹೋಯಿತು.

ಕೆಟ್ಟಿದ್ದದ್ದು ಟ್ಯಾಂಕಿನ ಒಳಗೆ, ಅಣ್ಣಾ. ಡೀಸೆಲ್ ಮೇಲೆ ತೇಲುತ್ತಾ ಮೀಟರಿಗೆ ಮಟ್ಟ ತಿಳಿಸುವ ಬುರುಡೆಯ ಕಡ್ಡಿ ತುಕ್ಕು ಹಿಡಿದು ಅರ್ಧದಲ್ಲೇ ಕಚ್ಚಿಕೊಂಡಿತ್ತು. ಅದು ಲಾರಿಯ ಜೊತೆಗೇ ಬಂದದ್ದು. "ಮೀಟರು ಪಾಪ, ಟ್ಯಾಂಕು ಹೇಳಿದ್ದನ್ನೇ ತೋರಿಸಿದೆ" ಎಂದರು ಮಾವ. ಬೇರೆ ಕಡ್ಡಿ ಹಾಕಿಕೊಟ್ಟಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ದಿನವೂ ನಿನ್ನನ್ನು ನೆನೆದು ಹರಸುತ್ತಾಳೆ.

ನಿನ್ನ
ತಂಗಿ

ತಾ.ಕ.: ಅಮ್ಮನಿಗೆ ಇದನ್ನು ಹೇಳಿಲ್ಲ: ನಾಳೆ ಚಿಕ್ಕವನು ಹೋಗುವುದು ಅದೇ ಏರಿನ ದಾರಿಯಲ್ಲಿ. ಮುಳ್ಳು ಸರಿಯಾಯಿತು, ನನ್ನ ಹೆದರಿಕೆ ಹೋಗಿಲ್ಲ. ಅಟ್ಟ ಹತ್ತಿ ಅಪ್ಪನ ಕೋಲು ಇಳಿಸಿದ್ದೇನೆ. ಲಾರಿ ಆರು ಗಂಟೆಗೆ ಹೊರಡುತ್ತದೆ. ಪಕ್ಕದ ಸೀಟಿನಲ್ಲಿ ನಾನಿರುತ್ತೇನೆ.